ಹೊಸ ವಸತಿ ಬಡಾವಣೆಗಳಿಗೆ ಭೂ ಉಪಯೋಗ ಅನುಮೋದನೆ: ಮಾನದಂಡಗಳು ಮತ್ತು ವಿಧಾನ

ಪ್ರಸ್ತಾವನೆ

ರಾಜ್ಯದ ನಗರ ಹಾಗೂ ಪಟ್ಟಣಗಳ ಅಂಚಿನಲ್ಲಿರುವ ಕೃಷಿ ಜಮೀನುಗಳು ವರ್ಷದಿಂದ ವರ್ಷಕ್ಕೆ ವಸತಿ ಬಡಾವಣೆಗಳಾಗಿ ಮಾರ್ಪಡುತ್ತಿವೆ. ಜಮೀನಿಗೆ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ಫಲಕ ನಿಲ್ಲಿಸಿದ ಮಾತ್ರಕ್ಕೆ ಅದು ಬಡಾವಣೆಯಾಗುವುದಿಲ್ಲ. ಆ ಜಮೀನಿನಲ್ಲಿ ಜನರು ವಾಸಿಸಬಹುದೇ, ಅಲ್ಲಿಗೆ ರಸ್ತೆ ಮತ್ತು ನೀರು ತಲುಪುವವೇ, ಮಳೆಗಾಲದಲ್ಲಿ ನೀರು ಎತ್ತ ಹರಿಯುವುದು, ಮಕ್ಕಳಿಗೆ ಆಟದ ಬಯಲು ಉಳಿಯುವುದೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವೇ ಸಕ್ಷಮ ಪ್ರಾಧಿಕಾರವು ಅನುಮೋದನೆ ನೀಡುತ್ತದೆ.

ಬಹುತೇಕ ಕುಟುಂಬಗಳ ಪಾಲಿಗೆ ನಿವೇಶನ ಖರೀದಿಯು ಜೀವಮಾನದಲ್ಲಿ ಒಮ್ಮೆ ಮಾಡುವ ವೆಚ್ಚವಾಗಿರುತ್ತದೆ. ಅನುಮೋದನೆಯ ಸ್ವರೂಪವನ್ನು ಅರಿಯದೆ ಹಣ ತೊಡಗಿಸಿದವರು ಮನೆ ಕಟ್ಟಲು ಪರವಾನಗಿ ದೊರೆಯದೆ, ಬ್ಯಾಂಕಿನ ಸಾಲ ಸಿಗದೆ, ವಿದ್ಯುತ್ ಹಾಗೂ ನೀರಿನ ಸಂಪರ್ಕಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಸಂದರ್ಭಗಳು ಸಾಮಾನ್ಯವಾಗಿವೆ. ಇಂತಹ ತೊಂದರೆಗಳಲ್ಲಿ ಹೆಚ್ಚಿನವು ಒಂದೇ ತಪ್ಪು ತಿಳಿವಳಿಕೆಯಿಂದ ಉಂಟಾಗುತ್ತವೆ: ಭೂ ಪರಿವರ್ತನೆಯ ಆದೇಶವೊಂದಿದ್ದರೆ ಬಡಾವಣೆಗೆ ಅನುಮೋದನೆ ದೊರೆತಂತೆಯೇ ಎಂಬ ನಂಬಿಕೆ. ಇವೆರಡೂ ಬೇರೆ ಬೇರೆ ಕಾನೂನುಗಳ ಅಡಿಯಲ್ಲಿ ಬೇರೆ ಬೇರೆ ಅಧಿಕಾರಿಗಳು ನೀಡುವ ಪ್ರತ್ಯೇಕ ಅನುಮತಿಗಳು. ಜಮೀನಿನ ಮಾಲೀಕರು, ಬಡಾವಣೆ ನಿರ್ಮಿಸುವವರು ಮತ್ತು ನಿವೇಶನ ಖರೀದಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಮಾನದಂಡಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಹಿನ್ನೆಲೆ ಮತ್ತು ಅನ್ವಯವಾಗುವ ಕಾನೂನುಗಳು

1898ರಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ಪ್ಲೇಗ್ ಮಾರಿಯು ಕಿಕ್ಕಿರಿದ ಪೇಟೆ ಪ್ರದೇಶಗಳ ಅಪಾಯವನ್ನು ತೋರಿಸಿಕೊಟ್ಟಿತು. ಗಾಳಿ, ಬೆಳಕು, ಅಗಲವಾದ ರಸ್ತೆ, ಚರಂಡಿ ಮತ್ತು ಉದ್ಯಾನಗಳಿಗೆ ಸ್ಥಳ ಬಿಟ್ಟು ಮಲ್ಲೇಶ್ವರ ಹಾಗೂ ಬಸವನಗುಡಿ ಬಡಾವಣೆಗಳು ಆ ಕಾಲದಲ್ಲಿ ರೂಪುಗೊಂಡವು. ಬಡಾವಣೆಯ ನಿಯಮಗಳ ಮೂಲ ಉದ್ದೇಶ ಜನರ ಆರೋಗ್ಯವೇ ಆಗಿತ್ತು ಎಂಬುದಕ್ಕೆ ಇವು ಸಾಕ್ಷಿ. ಬೆಂಗಳೂರಿನಲ್ಲಿ 1945ರಲ್ಲಿ ನಗರ ಸುಧಾರಣಾ ವಿಶ್ವಸ್ಥ ಮಂಡಳಿಯೂ, 1976ರಲ್ಲಿ ಅದರ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಸ್ಥಾಪನೆಗೊಂಡವು.

ಪ್ರಸ್ತುತ ಹೊಸ ವಸತಿ ಬಡಾವಣೆಗಳಿಗೆ ಮುಖ್ಯವಾಗಿ ಅನ್ವಯವಾಗುವ ಕಾನೂನುಗಳು ಈ ಕೆಳಕಂಡಂತಿವೆ:

1. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961: ಮಹಾಯೋಜನೆ, ಭೂ ಉಪಯೋಗ ಮತ್ತು ವಿನ್ಯಾಸ ನಕ್ಷೆಯ ಅನುಮೋದನೆ.
2. ಕರ್ನಾಟಕ ಭೂ ಕಂದಾಯ ಕಾಯ್ದೆ, 1964: ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಪರಿವರ್ತಿಸುವುದು.
3. ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ, 1987: ಪ್ರಾಧಿಕಾರಗಳಿರುವ ನಗರಗಳಲ್ಲಿ ಹೊಸ ಬಡಾವಣೆಗಳ ರಚನೆ. ಬೆಂಗಳೂರಿಗೆ ಸಂಬಂಧಿಸಿದಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ, 1976.
4. ಸಂಬಂಧಪಟ್ಟ ಪೌರ ಕಾಯ್ದೆಗಳು ಹಾಗೂ ಕಟ್ಟಡ ಉಪವಿಧಿಗಳು.
5. ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016: ನಿವೇಶನ ಮತ್ತು ಫ್ಲಾಟುಗಳ ಮಾರಾಟದ ನಿಯಂತ್ರಣ. ಇದು ರೇರಾ ಕಾಯ್ದೆ ಎಂದು ಪ್ರಚಲಿತವಾಗಿದೆ.

ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರಿಸಲಾದ ಹನ್ನೆರಡನೇ ಅನುಸೂಚಿಯಲ್ಲಿ ಪಟ್ಟಣ ಯೋಜನೆಯೂ ಸೇರಿದಂತೆ ನಗರ ಯೋಜನೆ ಮೊದಲ ವಿಷಯವಾಗಿಯೂ, ಭೂ ಉಪಯೋಗ ಹಾಗೂ ಕಟ್ಟಡ ನಿರ್ಮಾಣದ ನಿಯಂತ್ರಣ ಎರಡನೆಯ ವಿಷಯವಾಗಿಯೂ ನಮೂದಾಗಿವೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ, 2024 ಜಾರಿಗೆ ಬಂದ ನಂತರ ಬೆಂಗಳೂರಿನ ಆಡಳಿತ ವ್ಯವಸ್ಥೆಯಲ್ಲಿ ಬದಲಾವಣೆಗಳಾಗಿವೆ. ಆದ್ದರಿಂದ ಅಲ್ಲಿನ ಅರ್ಜಿದಾರರು ತಮ್ಮ ಜಮೀನು ಯಾವ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅಗತ್ಯ.

ಅನುಮತಿಗಳ ನಡುವಿನ ವ್ಯತ್ಯಾಸ

ಕೃಷಿ ಜಮೀನೊಂದು ಅಧಿಕೃತ ವಸತಿ ಬಡಾವಣೆಯಾಗಲು ನಾಲ್ಕು ಪ್ರಶ್ನೆಗಳಿಗೆ ಪ್ರತ್ಯೇಕ ಉತ್ತರ ಬೇಕಾಗುತ್ತದೆ.

1. ಈ ಸ್ಥಳದಲ್ಲಿ ವಸತಿಗೆ ಅವಕಾಶವಿದೆಯೇ? ಇದಕ್ಕೆ ಮಹಾಯೋಜನೆಯು ಉತ್ತರಿಸುತ್ತದೆ.
2. ಈ ಜಮೀನನ್ನು ಕೃಷಿಯಿಂದ ಬಿಡಿಸಬಹುದೇ? ಇದು ಕಂದಾಯ ಆಡಳಿತಕ್ಕೆ ಸೇರಿದ ಭೂ ಪರಿವರ್ತನೆಯ ವಿಷಯ.
3. ಈ ಜಮೀನನ್ನು ಯಾವ ರೀತಿಯಲ್ಲಿ ವಿಭಜಿಸಬೇಕು? ಇದು ಯೋಜನಾ ಪ್ರಾಧಿಕಾರವು ನೀಡುವ ವಿನ್ಯಾಸ ನಕ್ಷೆಯ ಅನುಮೋದನೆ.
4. ನಕ್ಷೆಯಲ್ಲಿ ತೋರಿಸಿದ ರಸ್ತೆ, ಚರಂಡಿ, ಉದ್ಯಾನಗಳು ನೆಲದ ಮೇಲೆ ಬಂದಿವೆಯೇ? ಇದನ್ನು ಪರಿಶೀಲಿಸಿದ ನಂತರ ನಿವೇಶನಗಳ ಬಿಡುಗಡೆಯಾಗುತ್ತದೆ.

ಈ ನಾಲ್ಕರಲ್ಲಿ ಒಂದು ಮತ್ತೊಂದರ ಸ್ಥಾನವನ್ನು ತುಂಬಲಾರದು. ಜಿಲ್ಲಾಧಿಕಾರಿಗಳ ಪರಿವರ್ತನಾ ಆದೇಶವು ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ. ಆ ಆದೇಶವನ್ನಷ್ಟೇ ತೋರಿಸಿ ಮಾರುವ ನಿವೇಶನಗಳಿಗೆ ವಿನ್ಯಾಸ ನಕ್ಷೆಯ ಅನುಮೋದನೆ ಇರುವುದಿಲ್ಲ.

ಮಹಾಯೋಜನೆ ಮತ್ತು ಭೂ ಉಪಯೋಗ ವಲಯಗಳು

1961ರ ಕಾಯ್ದೆಯಡಿ ಸರ್ಕಾರವು ಘೋಷಿಸಿದ ಪ್ರತಿಯೊಂದು ಸ್ಥಳೀಯ ಯೋಜನಾ ಪ್ರದೇಶಕ್ಕೂ ಯೋಜನಾ ಪ್ರಾಧಿಕಾರವು ಮಹಾಯೋಜನೆಯನ್ನು ತಯಾರಿಸುತ್ತದೆ. ಮೊದಲು ರೂಪುರೇಷೆ ಅಭಿವೃದ್ಧಿ ಯೋಜನೆ ಹಾಗೂ ಸಮಗ್ರ ಅಭಿವೃದ್ಧಿ ಯೋಜನೆ ಎಂಬ ಎರಡು ಹಂತಗಳಿದ್ದವು. ಕಾಯ್ದೆಯ ತಿದ್ದುಪಡಿಯ ಮೂಲಕ ಇವೆರಡರ ಬದಲಿಗೆ ಮಹಾಯೋಜನೆ ಎಂಬ ಒಂದೇ ದಾಖಲೆಯನ್ನು ಜಾರಿಗೆ ತರಲಾಯಿತು. ಮಹಾಯೋಜನೆಯನ್ನು ಹತ್ತು ವರ್ಷಗಳಿಗೊಮ್ಮೆಯಾದರೂ ಪರಿಷ್ಕರಿಸತಕ್ಕದ್ದೆಂದು ಕಾಯ್ದೆಯು ವಿಧಿಸುತ್ತದೆ. ಅಂತಿಮಗೊಳಿಸುವ ಮುನ್ನ ಅದನ್ನು ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯ ಸಲ್ಲಿಕೆಗೆ 60 ದಿನಗಳ ಅವಕಾಶ ನೀಡಲಾಗುತ್ತದೆ. ತಮ್ಮ ಊರಿನ ಅಂಚಿನಲ್ಲಿ ಕೆರೆ, ಗೋಮಾಳ, ಹಳ್ಳಗಳ ಸ್ಥಿತಿಯನ್ನು ಬಲ್ಲ ನಿವಾಸಿಗಳು ಆಕ್ಷೇಪಣೆ ಸಲ್ಲಿಸಲು ಇದುವೇ ಸೂಕ್ತ ಸಮಯ.

ಮಹಾಯೋಜನೆಯ ನಕ್ಷೆಯಲ್ಲಿ ವಸತಿ ವಲಯವನ್ನು ಹಳದಿ, ವಾಣಿಜ್ಯ ವಲಯವನ್ನು ನೀಲಿ, ಕೈಗಾರಿಕಾ ವಲಯವನ್ನು ನೇರಳೆ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಉಪಯೋಗವನ್ನು ಕೆಂಪು, ಉದ್ಯಾನ ಹಾಗೂ ಬಯಲು ಪ್ರದೇಶವನ್ನು ಹಸಿರು ಬಣ್ಣದಿಂದ ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ನಕ್ಷೆಯ ಜೊತೆಗೆ ವಲಯ ನಿಯಮಾವಳಿಯೂ ಇರುತ್ತದೆ. ಯಾವ ವಲಯದಲ್ಲಿ ಯಾವ ಉಪಯೋಗಕ್ಕೆ ಅವಕಾಶವಿದೆ, ರಸ್ತೆ ಎಷ್ಟು ಅಗಲವಿರಬೇಕು, ಕಟ್ಟಡದ ಸುತ್ತ ಎಷ್ಟು ಜಾಗ ಬಿಡಬೇಕು ಎಂಬ ವಿವರಗಳು ನಿಯಮಾವಳಿಯಲ್ಲಿರುತ್ತವೆ. ಇವು ಊರಿನಿಂದ ಊರಿಗೆ ಭಿನ್ನವಾಗಿರುವುದರಿಂದ ಆಯಾ ಊರಿನ ನಿಯಮಾವಳಿಯನ್ನೇ ನೋಡತಕ್ಕದ್ದು.

ಮಹಾಯೋಜನೆ ಜಾರಿಗೆ ಬಂದ ನಂತರ ಅದಕ್ಕೆ ಅನುಗುಣವಾಗಿಯೇ ಭೂ ಉಪಯೋಗವೂ ಅಭಿವೃದ್ಧಿಯೂ ನಡೆಯತಕ್ಕದ್ದೆಂದು ಕಾಯ್ದೆಯ ಕಲಂ 14 ತಿಳಿಸುತ್ತದೆ. ಪ್ರಾಧಿಕಾರದ ಲಿಖಿತ ಅನುಮತಿಯಿಲ್ಲದೆ ಉಪಯೋಗವನ್ನು ಬದಲಾಯಿಸುವಂತಿಲ್ಲ.

ಭೂ ಉಪಯೋಗ ಬದಲಾವಣೆ

ಜಮೀನು ಮಹಾಯೋಜನೆಯಲ್ಲಿ ವಸತಿ ವಲಯದಲ್ಲಿಲ್ಲದಿದ್ದರೆ, ಮೊದಲು ಕಲಂ 14-ಎ ಅಡಿಯಲ್ಲಿ ಭೂ ಉಪಯೋಗ ಬದಲಾವಣೆಗೆ ಅನುಮತಿ ಪಡೆಯಬೇಕಾಗುತ್ತದೆ. ಮಾಲೀಕರು ಬಯಸಿದ ಮಾತ್ರಕ್ಕೆ ದೊರೆಯುವ ಅನುಮತಿ ಇದಲ್ಲ. ಪ್ರಾಧಿಕಾರವು ಪ್ರಮುಖವಾಗಿ ಪರಿಶೀಲಿಸುವ ಅಂಶಗಳು ಹೀಗಿವೆ:

1. ನಕ್ಷೆ ತಯಾರಿಕೆಯಲ್ಲಿ ಉಂಟಾದ ದೋಷ ಅಥವಾ ಬಿಟ್ಟುಹೋದ ವಿವರಗಳಿಂದಾಗಿ, ಇಲ್ಲವೇ ಮಹಾಯೋಜನೆಯ ಅನುಷ್ಠಾನದಿಂದ ಉದ್ಭವಿಸಿದ ಸನ್ನಿವೇಶದಿಂದಾಗಿ ಬದಲಾವಣೆ ಅಗತ್ಯವಾಗಿದೆಯೇ.
2. ಬದಲಾವಣೆಯು ಸಾರ್ವಜನಿಕ ಹಿತಾಸಕ್ತಿಗೆ ಪೂರಕವಾಗಿದೆಯೇ.
3. ಕಾಯ್ದೆಯ ಹಾಗೂ ಜಾರಿಯಲ್ಲಿರುವ ಇತರ ಕಾನೂನುಗಳ ಉಲ್ಲಂಘನೆಯಾಗುತ್ತದೆಯೇ.
4. ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವುಳ್ಳ ದಿನಪತ್ರಿಕೆಗಳಲ್ಲಿ ಪ್ರಕಟಿಸಿ, ಆಕ್ಷೇಪಣೆಗಳಿಗೆ 15 ದಿನಗಳಿಗೆ ಕಡಿಮೆಯಿಲ್ಲದ ಕಾಲಾವಕಾಶ ನೀಡಲಾಗಿದೆಯೇ.

ಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಪ್ರಕಟವಾಗುವ ಇಂತಹ ಪ್ರಕಟಣೆಗಳಲ್ಲಿ ಗ್ರಾಮ, ಸರ್ವೆ ನಂಬರು ಮತ್ತು ವಿಸ್ತೀರ್ಣಗಳನ್ನು ನಮೂದಿಸಲಾಗಿರುತ್ತದೆ. ನೆರೆಹೊರೆಯ ನಿವಾಸಿಗಳು ಆಕ್ಷೇಪಣೆಯಿದ್ದಲ್ಲಿ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ.

ಭೂ ಪರಿವರ್ತನೆ

ಕೃಷಿ ಜಮೀನನ್ನು ವಸತಿ ಉದ್ದೇಶಕ್ಕೆ ಬಳಸಲು ಭೂ ಕಂದಾಯ ಕಾಯ್ದೆಯ ಕಲಂ 95ರ ಅನ್ವಯ ಪರಿವರ್ತನೆಯಾಗಬೇಕು. ಅನುಮತಿಯಿಲ್ಲದೆ ಕೃಷಿಯೇತರ ಉದ್ದೇಶಕ್ಕೆ ಬಳಸಿದಲ್ಲಿ ಕಲಂ 96ರಡಿ ದಂಡಕ್ಕೆ ಅವಕಾಶವಿದೆ. ಮಹಾಯೋಜನೆಯಲ್ಲಿ ಸೂಚಿಸಿದ ಉಪಯೋಗಕ್ಕೇ ಪರಿವರ್ತನೆ ಕೋರುವ ಜಮೀನುಗಳಿಗೆ ಈಚಿನ ವರ್ಷಗಳ ತಿದ್ದುಪಡಿಗಳಿಂದ ವಿಧಾನವನ್ನು ಸರಳಗೊಳಿಸಲಾಗಿದೆ. ಆದರೆ ಪರಿವರ್ತನೆಯು ಸರಳಗೊಂಡಿದೆ ಎಂದ ಮಾತ್ರಕ್ಕೆ ವಿನ್ಯಾಸ ನಕ್ಷೆಯ ಅನುಮೋದನೆಯಿಂದ ವಿನಾಯಿತಿ ದೊರೆತಂತಾಗುವುದಿಲ್ಲ.

ಜಮೀನಿನ ಅರ್ಹತೆಯ ಪರಿಶೀಲನೆ

ವಿನ್ಯಾಸ ನಕ್ಷೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಜಮೀನಿನ ಸ್ವರೂಪವನ್ನು ಈ ಕೆಳಕಂಡ ದೃಷ್ಟಿಗಳಿಂದ ಪರಿಶೀಲಿಸಲಾಗುತ್ತದೆ.

ಖರಾಬು ಜಮೀನು: ಪಹಣಿಯಲ್ಲಿ ನಮೂದಾದ ಖರಾಬು ಎರಡು ಬಗೆಯದು. ಸಾಗುವಳಿಗೆ ಯೋಗ್ಯವಲ್ಲದ ಭಾಗವನ್ನು ಎ ಖರಾಬು ಎಂದೂ, ದಾರಿ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಸೇರಿದ ಭಾಗವನ್ನು ಬಿ ಖರಾಬು ಎಂದೂ ವರ್ಗೀಕರಿಸಲಾಗಿದೆ. ಬಿ ಖರಾಬು ಖಾಸಗಿ ಸ್ವತ್ತಲ್ಲ. ಅದನ್ನು ನಿವೇಶನಗಳಾಗಿ ವಿಂಗಡಿಸಿ ಮಾರುವಂತಿಲ್ಲ. ಗ್ರಾಮ ನಕ್ಷೆಯಲ್ಲಿರುವ ಬಂಡಿದಾರಿ ಮತ್ತು ಕಾಲುದಾರಿಗಳನ್ನು ವಿನ್ಯಾಸ ನಕ್ಷೆಯಲ್ಲಿ ಉಳಿಸಿಕೊಳ್ಳಬೇಕಾಗುತ್ತದೆ.

ಮಂಜೂರಾದ ಜಮೀನು: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಸೇರಿದವರಿಗೆ ಸರ್ಕಾರದಿಂದ ಮಂಜೂರಾದ ಜಮೀನುಗಳ ವರ್ಗಾವಣೆಯನ್ನು 1978ರ ವಿಶೇಷ ಕಾಯ್ದೆಯು ನಿರ್ಬಂಧಿಸುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ನಡೆದ ವರ್ಗಾವಣೆಯು ಊರ್ಜಿತವಾಗುವುದಿಲ್ಲ. ಎಷ್ಟೋ ವರ್ಷಗಳ ನಂತರವೂ ಜಮೀನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳುವ ಸಂಭವವಿರುವುದರಿಂದ ಮೂಲ ಮಂಜೂರಾತಿಯ ದಾಖಲೆಯನ್ನು ಕಡ್ಡಾಯವಾಗಿ ನೋಡತಕ್ಕದ್ದು.

ಕೆರೆ ಮತ್ತು ರಾಜಕಾಲುವೆ: ಜಲಮೂಲಗಳ ಸುತ್ತ ನಿರ್ಮಾಣರಹಿತ ಪ್ರದೇಶವನ್ನು ಬಿಡಬೇಕಾಗುತ್ತದೆ. 2007ರಲ್ಲಿ ಅನುಮೋದನೆಗೊಂಡ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರಲ್ಲಿ ಕೆರೆಗೆ 30 ಮೀಟರ್, ಪ್ರಥಮ ಹಂತದ ರಾಜಕಾಲುವೆಗೆ 50 ಮೀಟರ್, ದ್ವಿತೀಯ ಹಂತಕ್ಕೆ 25 ಮೀಟರ್ ಹಾಗೂ ತೃತೀಯ ಹಂತಕ್ಕೆ 15 ಮೀಟರ್ ಅಂತರವನ್ನು ನಿಗದಿಪಡಿಸಲಾಗಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ ತಿಂಗಳಿನಲ್ಲಿ ಕೆರೆಗೆ 75 ಮೀಟರ್ ಸೇರಿದಂತೆ ಹೆಚ್ಚಿನ ಅಂತರವನ್ನು ಸೂಚಿಸಿ ಆದೇಶಿಸಿತು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು ಆ ಸೂಚನೆಯನ್ನು ರದ್ದುಪಡಿಸಿತು. ಅಂತರವು ಕಾಲಕಾಲಕ್ಕೆ ಬದಲಾಗಬಹುದಾದುದರಿಂದ ಅರ್ಜಿಯ ದಿನದಂದು ಆಯಾ ಪ್ರದೇಶದಲ್ಲಿ ಜಾರಿಯಲ್ಲಿರುವ ನಿಯಮವನ್ನೇ ಅನುಸರಿಸತಕ್ಕದ್ದು. ಬೇಸಿಗೆಯಲ್ಲಿ ಒಣಗಿ ನಿಂತ ಕಾಲುವೆಯು ಮಳೆಗಾಲದಲ್ಲಿ ಮೇಲಿನ ಕೆರೆಯ ಕೋಡಿಯ ನೀರನ್ನು ಹೊತ್ತು ತರುತ್ತದೆ ಎಂಬುದನ್ನು ಮರೆಯಬಾರದು. ಜಮೀನನ್ನು ಮಳೆಗಾಲದಲ್ಲೊಮ್ಮೆ ನೋಡುವುದು ಖರೀದಿದಾರರಿಗೂ ಒಳಿತು.

ಸಂಪರ್ಕ ರಸ್ತೆ: ಬಡಾವಣೆಯನ್ನು ಸಾರ್ವಜನಿಕ ರಸ್ತೆಯೊಂದಿಗೆ ಕೂಡಿಸುವ, ನಿಯಮಾವಳಿಯಲ್ಲಿ ನಿಗದಿಯಾದ ಅಗಲದ ದಾರಿ ಇರಬೇಕು. ಪಕ್ಕದ ಜಮೀನಿನವರ ಬಾಯಿಮಾತಿನ ಒಪ್ಪಿಗೆಯ ಮೇಲೆ ಬಳಸುವ ದಾರಿಯನ್ನು ಸಂಪರ್ಕ ರಸ್ತೆಯೆಂದು ಪರಿಗಣಿಸಲು ಬರುವುದಿಲ್ಲ.

ಪರಿಸರ ಅನುಮತಿ: ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಕಟ್ಟಡ ಯೋಜನೆಗಳಿಗೂ, 50 ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತೀರ್ಣದ ಬಡಾವಣೆಗಳಿಗೂ ಪೂರ್ವಭಾವಿ ಪರಿಸರ ಅನುಮತಿ ಅವಶ್ಯ.

ವಿನ್ಯಾಸ ನಕ್ಷೆಯ ಮಾನದಂಡಗಳು

ಜಮೀನನ್ನು ವಿಭಜಿಸಲು ಅಥವಾ ಅದರಲ್ಲಿ ಖಾಸಗಿ ರಸ್ತೆ ನಿರ್ಮಿಸಲು ಇಚ್ಛಿಸುವವರು 1961ರ ಕಾಯ್ದೆಯ ಕಲಂ 17ರಡಿ ವಿನ್ಯಾಸ ನಕ್ಷೆಯನ್ನು ಪ್ರಾಧಿಕಾರಕ್ಕೆ ಸಲ್ಲಿಸಿ ಮಂಜೂರಾತಿ ಪಡೆಯತಕ್ಕದ್ದು. ನಕ್ಷೆಯಲ್ಲಿ ಗಮನಿಸಲಾಗುವ ಪ್ರಮುಖ ಅಂಶಗಳು:

1. ರಸ್ತೆಗಳು: ವಸತಿ ಬಡಾವಣೆಯ ಒಳರಸ್ತೆಗೆ ವಲಯ ನಿಯಮಾವಳಿಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 9 ಮೀಟರ್, ಅಂದರೆ ಸುಮಾರು 30 ಅಡಿ ಅಗಲವನ್ನು ನಿಗದಿಪಡಿಸಲಾಗಿದೆ. ಮಹಾಯೋಜನೆಯಲ್ಲಿ ತೋರಿಸಿದ ರಸ್ತೆಗಳು ಜಮೀನಿನಲ್ಲಿ ಹಾದುಹೋಗುತ್ತಿದ್ದರೆ ಅವನ್ನು ನಕ್ಷೆಯಲ್ಲಿ ಅಳವಡಿಸಬೇಕು. ನೆರೆಯ ಬಡಾವಣೆಗಳ ರಸ್ತೆಗಳೊಂದಿಗೆ ಹೊಂದಾಣಿಕೆ ಇರಬೇಕು.

2. ಉದ್ಯಾನ ಮತ್ತು ಬಯಲು ಪ್ರದೇಶ: ಒಟ್ಟು ವಿಸ್ತೀರ್ಣದಲ್ಲಿ ನಿಗದಿತ ಪ್ರಮಾಣವನ್ನು ಉದ್ಯಾನ ಹಾಗೂ ಆಟದ ಬಯಲಿಗೆ ಮೀಸಲಿಡಬೇಕು. ನಿವೇಶನಕ್ಕೆ ಒದಗದ ಮೂಲೆಮುರುಕುಗಳನ್ನು ಕೂಡಿಸಿ ಉದ್ಯಾನವೆಂದು ತೋರಿಸುವುದು ಈ ನಿಯಮದ ಉದ್ದೇಶಕ್ಕೆ ವಿರುದ್ಧ.

3. ನಾಗರಿಕ ಸೌಲಭ್ಯ ನಿವೇಶನ: ಶಾಲೆ, ಆಸ್ಪತ್ರೆ, ಗ್ರಂಥಾಲಯ, ಅಂಚೆ ಕಚೇರಿ ಮುಂತಾದ ಉಪಯೋಗಗಳಿಗೆ ಸ್ಥಳ ಕಾದಿರಿಸಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಕಲಂ 16ರಲ್ಲಿ, ಪ್ರಾಧಿಕಾರವೇ ರೂಪಿಸುವ ಬಡಾವಣೆಗಳಲ್ಲಿ ಉದ್ಯಾನ ಮತ್ತು ಆಟದ ಮೈದಾನಗಳಿಗೆ ಶೇಕಡ 15ಕ್ಕೆ ಕಡಿಮೆಯಿಲ್ಲದ, ನಾಗರಿಕ ಸೌಲಭ್ಯಗಳಿಗೆ ಹೆಚ್ಚುವರಿಯಾಗಿ ಶೇಕಡ 10ಕ್ಕೆ ಕಡಿಮೆಯಿಲ್ಲದ ಪ್ರದೇಶವನ್ನು ಮೀಸಲಿಡಬೇಕೆಂದು ವಿಧಿಸಲಾಗಿದೆ. ಖಾಸಗಿ ಬಡಾವಣೆಗಳಿಗೆ ಆಯಾ ನಿಯಮಗಳಲ್ಲಿ ನಿಗದಿಯಾದ ಪ್ರಮಾಣ ಅನ್ವಯಿಸುತ್ತದೆ.

4. ನೀರು ಮತ್ತು ಒಳಚರಂಡಿ: ಕುಡಿಯುವ ನೀರಿನ ಮೂಲ, ಸಂಗ್ರಹಣಾ ತೊಟ್ಟಿ, ಕೊಳವೆ ಜಾಲ ಹಾಗೂ ಒಳಚರಂಡಿಯ ವಿನ್ಯಾಸವನ್ನು ನೀರು ಸರಬರಾಜು ಸಂಸ್ಥೆಯು ಪರಿಶೀಲಿಸುತ್ತದೆ. ಸಾರ್ವಜನಿಕ ಒಳಚರಂಡಿ ಜಾಲ ತಲುಪದ ಕಡೆಗಳಲ್ಲಿ ಮಲಿನ ನೀರನ್ನು ಶುದ್ಧೀಕರಿಸುವ ವ್ಯವಸ್ಥೆಯನ್ನು ತೋರಿಸಬೇಕು. ಅದನ್ನು ಹತ್ತಿರದ ಹಳ್ಳಕ್ಕೆ ಬಿಡುವುದನ್ನು ಒಪ್ಪಲಾಗದು.

5. ಮಳೆನೀರು: ಜಮೀನಿನ ಇಳಿಜಾರಿಗೆ ಅನುಗುಣವಾಗಿ ರಸ್ತೆಬದಿಯ ಚರಂಡಿಗಳನ್ನು ರೂಪಿಸಿ, ಅವು ಸೇರುವ ಸಹಜ ಕಾಲುವೆಯನ್ನು ನಕ್ಷೆಯಲ್ಲಿ ಗುರುತಿಸಬೇಕು.

6. ವಿದ್ಯುತ್: ವಿದ್ಯುತ್ ಸರಬರಾಜು ಕಂಪನಿಯ ಅಂದಾಜಿನಂತೆ ಕಂಬ, ತಂತಿ ಹಾಗೂ ಪರಿವರ್ತಕಗಳಿಗೆ ಸ್ಥಳಾವಕಾಶ ಕಲ್ಪಿಸಬೇಕು. ಅಧಿಕ ಒತ್ತಡದ ತಂತಿಗಳ ಕೆಳಗೆ ನಿವೇಶನಗಳನ್ನು ರೂಪಿಸುವಂತಿಲ್ಲ.

ಲೆಕ್ಕದ ಒಂದು ಉದಾಹರಣೆ

ಮಾನದಂಡಗಳ ಮಹತ್ವವನ್ನು ಅಂಕಿಗಳ ಮೂಲಕ ತಿಳಿಯಬಹುದು. 4 ಎಕರೆ ಜಮೀನಿನ ವಿಸ್ತೀರ್ಣ 1,74,240 ಚದರ ಅಡಿ. ರಸ್ತೆ, ಉದ್ಯಾನ ಮತ್ತು ಸೌಲಭ್ಯಗಳಿಗೆ ಅರ್ಧದಷ್ಟು ಬಿಟ್ಟರೆ ನಿವೇಶನಗಳಿಗೆ 87,120 ಚದರ ಅಡಿ ಉಳಿಯುತ್ತದೆ. ಅದರಲ್ಲಿ 30x40 ಅಡಿ ಅಳತೆಯ 72 ನಿವೇಶನಗಳಾಗುತ್ತವೆ. ಅನುಮೋದನೆಯಿಲ್ಲದೆ ಅದೇ ಜಮೀನಿನ ಶೇಕಡ 70 ಭಾಗವನ್ನು ನಿವೇಶನಗಳಾಗಿ ವಿಂಗಡಿಸಿದರೆ 101 ನಿವೇಶನಗಳು ದೊರೆಯುತ್ತವೆ. ಹೆಚ್ಚುವರಿ 29 ನಿವೇಶನಗಳಿಗೆ ತಗಲುವ ಸುಮಾರು 32 ಗುಂಟೆ ಭೂಮಿಯು ರಸ್ತೆಯ ಅಗಲದಿಂದಲೂ ಉದ್ಯಾನದಿಂದಲೂ ಕಡಿತಗೊಂಡದ್ದೇ ಆಗಿರುತ್ತದೆ. ಇಲ್ಲಿನ ಅರ್ಧದ ಪ್ರಮಾಣವನ್ನು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳಲಾಗಿದೆ.

30 ಅಡಿಯ ರಸ್ತೆಯನ್ನು 20 ಅಡಿಗೆ ಇಳಿಸಿದರೆ ಪ್ರತಿ 100 ಅಡಿ ಉದ್ದಕ್ಕೆ 1,000 ಚದರ ಅಡಿ ಮಾರಾಟಕ್ಕೆ ದೊರೆಯುತ್ತದೆ. ಆದರೆ ಎರಡೂ ಬದಿಗಳಲ್ಲಿ ಕಾರುಗಳು ನಿಂತ ಮೇಲೆ ಅಲ್ಲಿ ಉಳಿಯುವುದು ಸುಮಾರು 8 ಅಡಿಯ ದಾರಿ. ಅಗ್ನಿಶಾಮಕ ವಾಹನವು ಅಂತಹ ರಸ್ತೆಯನ್ನು ಪ್ರವೇಶಿಸಲಾರದು. ಅಗ್ಗದ ನಿವೇಶನದ ಬೆಲೆಯಲ್ಲಿ ಕಡಿಮೆಯಾದ ಮೊತ್ತವನ್ನು ನಿವಾಸಿಗಳು ಮುಂದೆ ಈ ರೀತಿಯಲ್ಲಿ ತೆರಬೇಕಾಗುತ್ತದೆ.

ಅರ್ಜಿಯೊಂದಿಗೆ ಸಲ್ಲಿಸಬೇಕಾದ ದಾಖಲೆಗಳು

ಪ್ರಾಧಿಕಾರದಿಂದ ಪ್ರಾಧಿಕಾರಕ್ಕೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಸಾಮಾನ್ಯವಾಗಿ ಕೆಳಕಂಡ ದಾಖಲೆಗಳು ಅವಶ್ಯ:

1. ಮಾಲೀಕತ್ವವನ್ನು ಸ್ಥಾಪಿಸುವ ನೋಂದಾಯಿತ ಪತ್ರಗಳು.
2. ಪಹಣಿ ಮತ್ತು ಹಕ್ಕು ಬದಲಾವಣೆಯ ಪ್ರತಿಗಳು.
3. ಋಣಭಾರ ಪ್ರಮಾಣ ಪತ್ರ.
4. ಭೂ ಪರಿವರ್ತನೆಯ ಆದೇಶ ಮತ್ತು ಶುಲ್ಕ ಪಾವತಿಯ ರಸೀದಿ.
5. ಸರ್ವೆ ನಕ್ಷೆ, ಆಕಾರಬಂದ್, ಪೋಡಿಯಾಗಿದ್ದಲ್ಲಿ ಅದರ ದಾಖಲೆ ಹಾಗೂ ಗ್ರಾಮ ನಕ್ಷೆ.
6. ಸುತ್ತಲಿನ ರಸ್ತೆ, ಜಲಮೂಲ ಮತ್ತು ವಿದ್ಯುತ್ ಮಾರ್ಗಗಳನ್ನು ತೋರಿಸುವ ಸ್ಥಳ ನಕ್ಷೆ.
7. ಅರ್ಹ ತಜ್ಞರು ಸಿದ್ಧಪಡಿಸಿದ ವಿನ್ಯಾಸ ನಕ್ಷೆಯ ಪ್ರತಿಗಳು.
8. ಅನ್ವಯವಾಗುವ ಇಲಾಖೆಗಳ ನಿರಾಕ್ಷೇಪಣಾ ಪತ್ರಗಳು.

ಅನುಮೋದನೆಯ ಹಂತಗಳು

ಅರ್ಜಿ ಸ್ವೀಕೃತವಾದ ಬಳಿಕ ದಾಖಲೆಗಳ ಪರಿಶೀಲನೆ ಹಾಗೂ ಸ್ಥಳ ತನಿಖೆ ನಡೆಯುತ್ತದೆ. ನಕ್ಷೆಯು ನಿಯಮಗಳಿಗೆ ಅನುಗುಣವಾಗಿದ್ದಲ್ಲಿ ನಿಗದಿತ ಶುಲ್ಕಗಳನ್ನು ಪಾವತಿಸಲು ತಿಳಿಸಲಾಗುತ್ತದೆ. ನೀರು ಸರಬರಾಜು, ವರ್ತುಲ ರಸ್ತೆ, ಕೊಳಚೆ ಪ್ರದೇಶಗಳ ಸುಧಾರಣೆ ಹಾಗೂ ಸಮೂಹ ಸಾರಿಗೆಗಾಗಿ ಉಪಕರ ಮತ್ತು ಮೇಲ್ತೆರಿಗೆ ವಿಧಿಸಲು ಕಲಂ 18-ಎ ಅವಕಾಶ ನೀಡುತ್ತದೆ. ಷರತ್ತುಗಳೊಂದಿಗೆ ಮಂಜೂರಾತಿ ದೊರೆತ ನಂತರ ಅಭಿವೃದ್ಧಿ ಕಾಮಗಾರಿಗಳನ್ನು ಕೈಗೊಳ್ಳಬೇಕು. ರಸ್ತೆ, ಉದ್ಯಾನ ಹಾಗೂ ನಿಯಮಾನುಸಾರ ಬಿಟ್ಟುಕೊಡಬೇಕಾದ ಇತರ ಪ್ರದೇಶಗಳನ್ನು ಉಚಿತವಾಗಿ, ನೋಂದಾಯಿತ ಪತ್ರದ ಮೂಲಕ ಸಾರ್ವಜನಿಕ ಸಂಸ್ಥೆಗೆ ಹಸ್ತಾಂತರಿಸಬೇಕಾಗುತ್ತದೆ.

ಕಾಮಗಾರಿಗಳ ಪೂರ್ಣತೆಗೆ ಅನುಗುಣವಾಗಿ ನಿವೇಶನಗಳ ಬಿಡುಗಡೆ ಪತ್ರವನ್ನು ನೀಡಲಾಗುತ್ತದೆ. ಬಡಾವಣೆ ನಿರ್ಮಿಸುವವರು ಎಲ್ಲ ನಿವೇಶನಗಳನ್ನೂ ಮಾರಿ, ಚರಂಡಿ ಮತ್ತು ರಸ್ತೆಗಳನ್ನು ಅಪೂರ್ಣವಾಗಿ ಬಿಟ್ಟು ತೆರಳುವುದನ್ನು ತಡೆಯುವುದೇ ಈ ವ್ಯವಸ್ಥೆಯ ಉದ್ದೇಶ. ಆದ್ದರಿಂದ ಬಡಾವಣೆಗೆ ಮಂಜೂರಾತಿ ದೊರೆತಿದ್ದರೂ, ಖರೀದಿಸಲಿರುವ ನಿವೇಶನದ ಸಂಖ್ಯೆಯು ಬಿಡುಗಡೆ ಪತ್ರದಲ್ಲಿ ಇದೆಯೇ ಎಂದು ನೋಡಿಕೊಳ್ಳುವುದು ಮುಖ್ಯ.

ಮೀಸಲು ಪ್ರದೇಶಗಳ ರಕ್ಷಣೆ

ಒಮ್ಮೆ ಉದ್ಯಾನವೆಂದು ಗುರುತಿಸಿದ ಸ್ಥಳವು ಬಡಾವಣೆಯ ಎಲ್ಲ ನಿವಾಸಿಗಳಿಗೂ ಸೇರಿದ್ದು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಯೊಂದರ ನಿರ್ಮಾಣಕ್ಕೆ ಹಂಚಿಕೆ ಮಾಡಿದಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೊರೆ ಹೊಕ್ಕರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿವಾಸಿಗಳ ಪರವಾಗಿ ತೀರ್ಪು ನೀಡಿತು. ಬಯಲು ಪ್ರದೇಶದ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ಸಾಮಾನ್ಯ ನಿವಾಸಿಗೂ ಇದೆ ಎಂಬುದು ಈ ತೀರ್ಪಿನಿಂದ ಸ್ಪಷ್ಟವಾಯಿತು. ಉದ್ಯಾನ, ಆಟದ ಮೈದಾನ ಹಾಗೂ ಬಯಲು ಪ್ರದೇಶಗಳ ಸಂರಕ್ಷಣೆಗಾಗಿ ರಾಜ್ಯದಲ್ಲಿ 1985ರ ಪ್ರತ್ಯೇಕ ಕಾಯ್ದೆಯೂ ಇದೆ.

ಅನುಮೋದನೆಯಿಲ್ಲದ ಬಡಾವಣೆಗಳ ಪರಿಣಾಮ

ಅನುಮೋದನೆಯಿಲ್ಲದೆ ರೂಪಿಸಿದ ಬಡಾವಣೆಗಳನ್ನು ಜನರು ರೆವಿನ್ಯೂ ಬಡಾವಣೆಗಳೆಂದು ಕರೆಯುತ್ತಾರೆ. ಮಂಜೂರಾತಿಗೆ ವಿರುದ್ಧವಾಗಿ ಕೆಲಸ ನಡೆಸಿದಲ್ಲಿ ಅದನ್ನು ನಿಲ್ಲಿಸುವಂತೆಯೂ, ವಿಚಾರಣೆಯ ನಂತರ ತೆರವುಗೊಳಿಸುವಂತೆಯೂ ನಿರ್ದೇಶಿಸಲು ಪ್ರಾಧಿಕಾರಕ್ಕೆ ಕಲಂ 17ರಡಿ ಅಧಿಕಾರವಿದೆ.

ಮುಂದೆ ಸಕ್ರಮವಾಗುವುದೆಂಬ ಭರವಸೆಯ ಮೇಲೆ ನಿವೇಶನ ಖರೀದಿಸುವುದು ಸುರಕ್ಷಿತವಲ್ಲ. ಅನಧಿಕೃತ ಅಭಿವೃದ್ಧಿಗಳನ್ನು ಶುಲ್ಕ ಪಡೆದು ಸಕ್ರಮಗೊಳಿಸಲು 2007ರ ತಿದ್ದುಪಡಿಯ ಮೂಲಕ ಕಲಂ 76-ಎಫ್‌ಎಫ್ ಅನ್ನು ಸೇರಿಸಲಾಯಿತು. ಅಕ್ರಮ ಸಕ್ರಮ ಎಂದು ಹೆಸರಾದ ಈ ಯೋಜನೆಯನ್ನು ಉಚ್ಚ ನ್ಯಾಯಾಲಯವು 2016ರ ಡಿಸೆಂಬರಿನಲ್ಲಿ ಎತ್ತಿಹಿಡಿದರೂ, 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಜಾರಿಗೆ ತಡೆ ನೀಡಿತು. ಸಕ್ರಮವನ್ನು ನಂಬಿ ಕುಳಿತ ಕುಟುಂಬಗಳು ಹೀಗೆ ಹತ್ತು ವರ್ಷ ಕಾದ ನಂತರವೂ ಪರಿಹಾರವಿಲ್ಲದೆ ಉಳಿದವು.

ಖರೀದಿದಾರರಿಗೆ ರೇರಾ ಕಾಯ್ದೆಯ ರಕ್ಷಣೆ

500 ಚದರ ಮೀಟರಿಗಿಂತ ಹೆಚ್ಚಿನ ಜಮೀನಿನಲ್ಲಿ ಕೈಗೊಳ್ಳುವ ನಿವೇಶನ ಯೋಜನೆಗಳು ರಾಜ್ಯದ ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ನೋಂದಣಿಗೆ ಮುನ್ನ ಜಾಹೀರಾತು ನೀಡುವಂತಿಲ್ಲ, ಮುಂಗಡ ಪಡೆಯುವಂತಿಲ್ಲ. ನೋಂದಾಯಿತ ಮಾರಾಟ ಕರಾರಿಲ್ಲದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮೊತ್ತವನ್ನು ಸ್ವೀಕರಿಸುವಂತಿಲ್ಲ. ಖರೀದಿದಾರರಿಂದ ಸಂಗ್ರಹಿಸಿದ ಹಣದಲ್ಲಿ ಶೇಕಡ 70ರಷ್ಟನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು ಅದೇ ಯೋಜನೆಯ ಜಮೀನು ಹಾಗೂ ನಿರ್ಮಾಣ ವೆಚ್ಚಕ್ಕೆ ಮಾತ್ರ ಬಳಸಬೇಕು. ಮಂಜೂರಾದ ವಿನ್ಯಾಸವನ್ನು ಬದಲಾಯಿಸಲು ಹಂಚಿಕೆ ಪಡೆದವರಲ್ಲಿ ಮೂರನೇ ಎರಡು ಭಾಗದಷ್ಟು ಜನರ ಲಿಖಿತ ಒಪ್ಪಿಗೆ ಅಗತ್ಯ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗಿದ್ದರೆ ಬಡಾವಣೆ ಅಧಿಕೃತವೇ?
ಉತ್ತರ: ಅಲ್ಲ. ನೋಂದಣಿಯು ವ್ಯವಹಾರ ನಡೆದುದಕ್ಕೆ ದಾಖಲೆ. ಅದು ವಿನ್ಯಾಸ ನಕ್ಷೆಯ ಅನುಮೋದನೆಯಲ್ಲ.

ಪ್ರಶ್ನೆ: ಖಾತೆ ಇದ್ದು ತೆರಿಗೆ ಪಾವತಿಸುತ್ತಿದ್ದರೆ ಸಾಲದೇ?
ಉತ್ತರ: ಖಾತೆಯು ತೆರಿಗೆ ಸಂಗ್ರಹಣೆಗಾಗಿ ಇರುವ ದಾಖಲೆ. ಅದು ಹಕ್ಕುಪತ್ರವೂ ಅಲ್ಲ, ಬಡಾವಣೆಯ ಮಂಜೂರಾತಿಯೂ ಅಲ್ಲ.

ಪ್ರಶ್ನೆ: ರೇರಾ ನೋಂದಣಿ ಇದ್ದರೆ ಉಳಿದ ದಾಖಲೆಗಳನ್ನು ನೋಡಬೇಕೇ?
ಉತ್ತರ: ನೋಡಬೇಕು. ಜಮೀನಿನ ಮಾಲೀಕತ್ವದ ಪರಿಶೀಲನೆಯನ್ನು ವಕೀಲರ ಮೂಲಕ ಪ್ರತ್ಯೇಕವಾಗಿ ಮಾಡಿಸುವುದು ಒಳಿತು.

ಪ್ರಶ್ನೆ: ಮಾರಾಟಗಾರರು ತೋರಿಸುವ ನಕ್ಷೆ ಅಸಲಿಯೇ ಎಂದು ತಿಳಿಯುವುದು ಹೇಗೆ?
ಉತ್ತರ: ನಕ್ಷೆಯಲ್ಲಿರುವ ಮಂಜೂರಾತಿ ಸಂಖ್ಯೆ ಹಾಗೂ ದಿನಾಂಕವನ್ನು ಗುರುತು ಮಾಡಿಕೊಂಡು ಪ್ರಾಧಿಕಾರದ ಕಚೇರಿಯಲ್ಲಿ ತಾಳೆ ನೋಡಬೇಕು. ಮಾಹಿತಿ ಹಕ್ಕು ಕಾಯ್ದೆ, 2005ರಡಿ ಅರ್ಜಿ ಸಲ್ಲಿಸಿ ದೃಢೀಕೃತ ಪ್ರತಿಯನ್ನು ಕೋರಬಹುದು. ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ.

ಪ್ರಶ್ನೆ: ನಕ್ಷೆಯಲ್ಲಿ ಉದ್ಯಾನವೆಂದಿರುವ ಜಾಗದಲ್ಲಿ ನಿವೇಶನದ ಕಲ್ಲು ನೆಟ್ಟಿದ್ದರೆ ಏನು ಮಾಡಬೇಕು?
ಉತ್ತರ: ಮಂಜೂರಾದ ನಕ್ಷೆಯ ಪ್ರತಿ ಹಾಗೂ ಸ್ಥಳದ ಛಾಯಾಚಿತ್ರಗಳೊಂದಿಗೆ ಯೋಜನಾ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ನೋಂದಾಯಿತ ಯೋಜನೆಯಾಗಿದ್ದಲ್ಲಿ ರೇರಾ ಪ್ರಾಧಿಕಾರಕ್ಕೂ ದೂರು ಸಲ್ಲಿಸಬಹುದು.

ಸಾರ್ವಜನಿಕರ ಗಮನಕ್ಕೆ

ನಿವೇಶನಕ್ಕೆ ಮುಂಗಡ ನೀಡುವ ಮುನ್ನ ನಾಲ್ಕು ದಾಖಲೆಗಳನ್ನು ಕೇಳಿ ಪಡೆಯುವುದು ಕ್ಷೇಮ: ಮಹಾಯೋಜನೆಯಲ್ಲಿ ಜಮೀನಿನ ವಲಯವನ್ನು ತಿಳಿಸುವ ಪತ್ರ, ಭೂ ಪರಿವರ್ತನೆಯ ಆದೇಶ, ಮಂಜೂರಾದ ವಿನ್ಯಾಸ ನಕ್ಷೆ ಮತ್ತು ನಿವೇಶನ ಬಿಡುಗಡೆ ಪತ್ರ. ನಂತರ ನಕ್ಷೆಯನ್ನು ಕೈಯಲ್ಲಿ ಹಿಡಿದು ಸ್ಥಳಕ್ಕೆ ಹೋಗಿ, ರಸ್ತೆಯ ಅಗಲವನ್ನು ಅಳೆದು, ಉದ್ಯಾನದ ಜಾಗ ಎಲ್ಲಿದೆ ಎಂದು ಗುರುತಿಸಬೇಕು. ನಕ್ಷೆಗೂ ನೆಲಕ್ಕೂ ತಾಳೆಯಾಗದಿದ್ದಲ್ಲಿ ಪ್ರಾಧಿಕಾರದಿಂದ ಸ್ಪಷ್ಟನೆ ದೊರೆಯುವವರೆಗೆ ವ್ಯವಹಾರವನ್ನು ಮುಂದುವರಿಸದಿರುವುದು ಸೂಕ್ತ.

ಜಮೀನಿನ ವಲಯ ಹಾಗೂ ಬಡಾವಣೆಯ ಅನುಮೋದನೆಯ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ನಗರಾಭಿವೃದ್ಧಿ ಪ್ರಾಧಿಕಾರ, ಯೋಜನಾ ಪ್ರಾಧಿಕಾರ ಅಥವಾ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯ ಜಿಲ್ಲಾ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಈ ಪುಟದಲ್ಲಿರುವುದು ಸಾಮಾನ್ಯ ಮಾಹಿತಿ. ವ್ಯತ್ಯಾಸ ಕಂಡುಬಂದಲ್ಲಿ ಕಾಯ್ದೆ, ನಿಯಮ ಹಾಗೂ ಸರ್ಕಾರಿ ಆದೇಶಗಳ ಪಠ್ಯವೇ ಅಂತಿಮವಾಗಿರುತ್ತದೆ.